ಪೈಲೋರಿಗೆ ಯಾವ ಕೋರ್ಸ್: ಯಾವುದರ ಕಾಟ ಎಷ್ಟು, ಯಾವ ಮಾತ್ರೆಗೆ ಯಾವುದು ಆಗಿಬರುವುದಿಲ್ಲ

ಜಠರದಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಸೋಂಕು ಇದೆ ಎಂದು ಗೊತ್ತಾದ ಮೇಲೆ ಕೈಗೆ ಬರುವ ಔಷಧ ಚೀಟಿ ಉದ್ದವಾಗಿಯೇ ಇರುತ್ತದೆ. ಸಾಮಾನ್ಯವಾಗಿ ಎರಡು ಆ್ಯಂಟಿಬಯಾಟಿಕ್, ಆಮ್ಲ ತಗ್ಗಿಸುವ ಒಂದು ಮಾತ್ರೆ, ಕೆಲವೊಮ್ಮೆ ಬಿಸ್ಮತ್ ಎಂಬ ಲೋಹದ ಲವಣದ ಮಾತ್ರೆ, ಇಷ್ಟನ್ನೂ 14 ದಿನ ನುಂಗಬೇಕು. ಇಷ್ಟೆಲ್ಲ ಯಾಕೆಂದರೆ ಈ ಬ್ಯಾಕ್ಟೀರಿಯಾ ಜಠರದ ಲೋಳೆಪದರದ ಅಡಿಯಲ್ಲಿ ಅವಿತಿರುತ್ತದೆ. ಅಲ್ಲಿಗೆ ಔಷಧ ತಲುಪುವುದೇ ಕಷ್ಟ, ತಲುಪಿದರೂ ಆಮ್ಲದ ನಡುವೆ ಕೆಲವು ಆ್ಯಂಟಿಬಯಾಟಿಕ್‌ಗಳ ಬಲ ಕುಗ್ಗುತ್ತದೆ, ಒಂದೇ ಔಷಧ ಕೊಟ್ಟರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಬಿಡುತ್ತದೆ. ಹಾಗೆಂದು ಬಿಟ್ಟುಬಿಡುವ ಸೋಂಕೂ ಅಲ್ಲ. ಹೊಟ್ಟೆಹುಣ್ಣಿಗೆ ಇದು ಮುಖ್ಯ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಚೀಟಿ ಹಿಡಿದವರು ಮೊದಲು ಕೇಳುವುದು, ‘ಇದರಲ್ಲಿ ಸೈಡ್ ಎಫೆಕ್ಟ್ ಕಡಿಮೆ ಇರುವ ಕೋರ್ಸ್ ಯಾವುದು?’ ಎಂದು. ಅದಕ್ಕೂ ಮೊದಲು ಇನ್ನೆರಡು ಪ್ರಶ್ನೆ ಕೇಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೀವು ಈಗಾಗಲೇ ದಿನವೂ ನುಂಗುತ್ತಿರುವ ಮಾತ್ರೆಗಳು ಯಾವುವು? ಹಿಂದಿನ ವರ್ಷಗಳಲ್ಲಿ ಯಾವ ಯಾವ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದೀರಿ? ಬಾಯಿ ಕಹಿ, ವಾಕರಿಕೆ, ಬೇಧಿ ಎಲ್ಲ ಕೋರ್ಸುಗಳಲ್ಲೂ ಹೆಚ್ಚುಕಡಿಮೆ ಬರುತ್ತವೆ, ಹೋಗುತ್ತವೆ. ನಿಜವಾದ ಅಪಾಯ ಬರುವುದು ಹೊಸ ಮಾತ್ರೆ ಹಳೆಯ ಮಾತ್ರೆಯ ಜೊತೆ ಸೇರಿದಾಗ. ಹಾಗಾಗಿ ಈ ಹೋಲಿಕೆಯಲ್ಲಿ ಹೆಚ್ಚು ಜಾಗವನ್ನು ಅದಕ್ಕೇ ಕೊಟ್ಟಿದ್ದೇನೆ. ಇದನ್ನು ಓದಿ ನೀವೇ ಕೋರ್ಸ್ ಬದಲಿಸಿಕೊಳ್ಳಬೇಡಿ. ವೈದ್ಯರ ಮುಂದೆ ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಎಂಬುದಕ್ಕೆ ಇದು ಉಪಯೋಗವಾಗಲಿ.

ಕ್ಲಾರಿಥ್ರೊಮೈಸಿನ್ ಇರುವ ತ್ರಿವಳಿ ಕೋರ್ಸ್

ಆಮ್ಲ ತಗ್ಗಿಸುವ ಮಾತ್ರೆ, ಕ್ಲಾರಿಥ್ರೊಮೈಸಿನ್ 500 ಮಿಲಿಗ್ರಾಂ, ಅಮಾಕ್ಸಿಸಿಲಿನ್ 1 ಗ್ರಾಂ. ಎಲ್ಲವೂ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಅಮಾಕ್ಸಿಸಿಲಿನ್ ಬದಲು ಮೆಟ್ರೊನಿಡಜೋಲ್ ಕೊಡುವುದುಂಟು. ನುಂಗಲು ಸುಲಭ, ನೆನಪಿಡಲು ಸುಲಭ. ಹಲವು ವರ್ಷ ಇದೇ ಮೊದಲ ಆಯ್ಕೆಯಾಗಿತ್ತು.

ಮೇಲ್ನೋಟಕ್ಕೆ ಕಾಣುವ ತೊಂದರೆಗಳು ಸಣ್ಣವು. ನಾಲಿಗೆಯ ಮೇಲೆ ಲೋಹದ ತುಂಡು ಇಟ್ಟುಕೊಂಡಂಥ ಕಹಿ, ಹೊಟ್ಟೆ ತೊಳಸುವುದು, ತೆಳು ಬೇಧಿ. ಕೋರ್ಸ್ ಮುಗಿದ ಮೇಲೆ ಇವು ತಾವಾಗಿ ಹೋಗುತ್ತವೆ. ಆದರೆ ಬೇರೆ ಮಾತ್ರೆಗಳಿಗೆ ಆಗಿಬಾರದಿರುವುದರಲ್ಲಿ ಈ ಪಟ್ಟಿಯ ಯಾವ ಆ್ಯಂಟಿಬಯಾಟಿಕ್ಕೂ ಕ್ಲಾರಿಥ್ರೊಮೈಸಿನ್‌ಗೆ ಸಮ ಅಲ್ಲ. ನಾವು ನುಂಗುವ ಬಹಳಷ್ಟು ಔಷಧಗಳನ್ನು ಒಡೆದು ಹೊರಹಾಕುವುದು ಯಕೃತ್ತು ಮತ್ತು ಕರುಳಿನ ಗೋಡೆಯಲ್ಲಿರುವ ಸಿವೈಪಿ3ಎ4 ಎಂಬ ಕಿಣ್ವ. ಕ್ಲಾರಿಥ್ರೊಮೈಸಿನ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ನೀವು ಎಂದಿನ ಡೋಸ್ ನುಂಗಿದರೂ ರಕ್ತದಲ್ಲಿ ಅದರ ಮಟ್ಟ ಎರಡರಷ್ಟೋ ಅದಕ್ಕಿಂತ ಹೆಚ್ಚೋ ಆಗಬಹುದು. ಕೋರ್ಸ್ ಮುಗಿದ ಮೇಲೂ ಕಿಣ್ವ ಮೊದಲಿನಂತಾಗಲು ಕೆಲವು ದಿನ ಬೇಕು.

ಕೊಲೆಸ್ಟರಾಲ್ ಮಾತ್ರೆಯಿಂದ ಶುರು ಮಾಡೋಣ, ಯಾಕೆಂದರೆ ಹೊಟ್ಟೆಯ ತೊಂದರೆ ಹೇಳುವಾಗ ಹೆಚ್ಚಿನವರು ಇದನ್ನು ಹೇಳುವುದೇ ಇಲ್ಲ. ಸಿಮ್ವಾಸ್ಟಾಟಿನ್, ಲೊವಾಸ್ಟಾಟಿನ್ ಇವೆರಡನ್ನೂ ಕ್ಲಾರಿಥ್ರೊಮೈಸಿನ್ ಜೊತೆ ಕೊಡಲೇಬಾರದು. ಸ್ನಾಯುಗಳು ಒಡೆದು ಅದರ ಕಸ ಮೂತ್ರಪಿಂಡವನ್ನು ಕೆಡಿಸುವ ಅಪಾಯವಿದೆ. ತೊಡೆ, ತೋಳಿನಲ್ಲಿ ಕಾರಣವಿಲ್ಲದ ನೋವು, ಮೂತ್ರ ಕಂದು ಬಣ್ಣಕ್ಕೆ ತಿರುಗುವುದು ಅದರ ಸೂಚನೆ. ಅಟೊರ್ವಾಸ್ಟಾಟಿನ್ ಆದರೆ ಡೋಸ್ ತಗ್ಗಿಸುತ್ತಾರೆ ಇಲ್ಲವೇ ನಿಲ್ಲಿಸುತ್ತಾರೆ. ರೋಸುವಾಸ್ಟಾಟಿನ್‌ಗೆ ಈ ಕಿಣ್ವದ ಹಂಗು ಅಷ್ಟಾಗಿ ಇಲ್ಲ. ಎರಡು ವಾರ ಕೊಲೆಸ್ಟರಾಲ್ ಮಾತ್ರೆ ನಿಲ್ಲಿಸುವುದು ಬಹಳ ಜನರಿಗೆ ದೊಡ್ಡ ವಿಷಯವಲ್ಲ, ಆದರೆ ಅದನ್ನು ವೈದ್ಯರೇ ಹೇಳಬೇಕು.

ಗೌಟ್ ಕಾಯಿಲೆಗೆ ಕೊಡುವ ಕೊಲ್ಚಿಸಿನ್ ಇದಕ್ಕಿಂತ ಭಯಂಕರ. ಈ ಎರಡೂ ಸೇರಿ ಸಾವು ಸಂಭವಿಸಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಅಪಾಯ ಇನ್ನೂ ಹೆಚ್ಚು. ಬಿಪಿಗೆ ಅಮ್ಲೊಡಿಪಿನ್, ನಿಫೆಡಿಪಿನ್, ವೆರಪಮಿಲ್ ತೆಗೆದುಕೊಳ್ಳುವ ಹಿರಿಯರಲ್ಲಿ ರಕ್ತದೊತ್ತಡ ತೀರ ಇಳಿದು ಆಸ್ಪತ್ರೆ ಸೇರುವಂತಾಗಬಹುದು. ಸಕ್ಕರೆ ಕಾಯಿಲೆಗೆ ಗ್ಲಿಬೆನ್‌ಕ್ಲಮೈಡ್, ಗ್ಲಿಪಿಜೈಡ್ ನುಂಗುವವರಿಗೆ ಸಕ್ಕರೆ ದಿಢೀರನೆ ಕೆಳಗಿಳಿಯಬಹುದು. ಹೃದಯಕ್ಕೆ ಕೊಡುವ ಡಿಗಾಕ್ಸಿನ್, ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಅಂಗಕಸಿ ಆದವರು ನುಂಗುವ ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್ ಇವೆಲ್ಲದರ ಮಟ್ಟವೂ ಏರುತ್ತದೆ. ಸ್ಟೆಂಟ್ ಹಾಕಿಸಿಕೊಂಡವರ ಟಿಕಾಗ್ರೆಲಾರ್, ಮೈಗ್ರೇನ್‌ಗೆ ಕೊಡುವ ಎರ್ಗೊಟಮಿನ್ ಜೊತೆಯಂತೂ ಕೂಡದು.

ಇನ್ನೊಂದು ಮಾತ್ರೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಅದು ಡೊಂಪೆರಿಡೋನ್. ವಾಂತಿ, ಹೊಟ್ಟೆಯುಬ್ಬರ ಎಂದರೆ ಕೊಡುವ ಮಾತ್ರೆ ಇದು. ಗ್ಯಾಸ್ಟ್ರಿಕ್ ಮಾತ್ರೆಯ ಜೊತೆ ಒಂದೇ ಕ್ಯಾಪ್ಸೂಲಿನಲ್ಲಿ ಸೇರಿಸಿಯೂ ಬರುತ್ತದೆ. ಕ್ಲಾರಿಥ್ರೊಮೈಸಿನ್ ಮತ್ತು ಡೊಂಪೆರಿಡೋನ್ ಎರಡೂ ಹೃದಯದ ವಿದ್ಯುತ್ ಲಯದಲ್ಲಿ ಕ್ಯೂಟಿ ಎಂಬ ಅಂತರವನ್ನು ಹಿಗ್ಗಿಸುತ್ತವೆ. ಸಾಲದ್ದಕ್ಕೆ ಮೊದಲನೆಯದು ಎರಡನೆಯದರ ಮಟ್ಟವನ್ನೂ ಏರಿಸುತ್ತದೆ. ಕೋರ್ಸಿನ ಮೂರನೇ ದಿನ ವಾಕರಿಕೆ ತಡೆಯಲಾಗದೆ ಮನೆಯಲ್ಲಿದ್ದ ಹಳೆಯ ಕ್ಯಾಪ್ಸೂಲ್ ತೆಗೆದು ನುಂಗುವವರು ಇರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ, ಇಲ್ಲವೇ ಔಷಧ ಅಂಗಡಿಯವರಿಗೆ ತೋರಿಸಿ ಕೇಳಿ. ಹೃದಯದ ಲಯ ಮೊದಲೇ ಕೆಟ್ಟಿರುವವರು, ಪೊಟ್ಯಾಸಿಯಂ ಕಡಿಮೆ ಇರುವವರು ಈ ಕೋರ್ಸಿನಿಂದಲೇ ದೂರ ಇರುವುದು ಒಳ್ಳೆಯದು.

ಇಷ್ಟಾದ ಮೇಲೂ ಉಳಿಯುವ ಪ್ರಶ್ನೆ ಇದು ಕೆಲಸ ಮಾಡುತ್ತದೆಯೇ ಎಂಬುದು. ಕ್ಲಾರಿಥ್ರೊಮೈಸಿನ್‌ಗೆ ಜಗ್ಗದ ಪೈಲೋರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೊಸ ಔಷಧ ತುರ್ತಾಗಿ ಬೇಕಿರುವ ಬ್ಯಾಕ್ಟೀರಿಯಾಗಳ ಪಟ್ಟಿಗೆ ಸೇರಿಸಿತು. ಒಂದು ಪ್ರದೇಶದಲ್ಲಿ ಪ್ರತಿರೋಧ ಶೇ 15ನ್ನು ದಾಟಿದ್ದರೆ, ಪರೀಕ್ಷೆ ಮಾಡದೆ ಈ ಕೋರ್ಸ್ ಕೊಡಬಾರದು ಎಂಬುದು ಮಾರ್ಗಸೂಚಿಗಳ ಮಾತು. ಹಿಂದೆ ಕೆಮ್ಮಿಗೋ ಗಂಟಲು ನೋವಿಗೋ ಅಜಿಥ್ರೊಮೈಸಿನ್ ನುಂಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ, ಅದು ಇದೇ ಕುಟುಂಬದ ಔಷಧ. ಬೇರೆ ಮಾತ್ರೆ ಏನೂ ಇಲ್ಲದ, ಈ ಕುಟುಂಬದ ಆ್ಯಂಟಿಬಯಾಟಿಕ್ ಹಿಂದೆ ಮುಟ್ಟದ, ಬ್ಯಾಕ್ಟೀರಿಯಾ ಇದಕ್ಕೆ ಬಗ್ಗುತ್ತದೆ ಎಂದು ಪರೀಕ್ಷೆಯಲ್ಲಿ ಗೊತ್ತಾದ ವ್ಯಕ್ತಿಗೆ ಇದು ಒಳ್ಳೆಯ ಆಯ್ಕೆ. ಉಳಿದವರಿಗೆ ನಾನಂತೂ ಇದನ್ನು ಮೊದಲ ಸಾಲಿನಲ್ಲಿ ಇಡುವುದಿಲ್ಲ.

ಬಿಸ್ಮತ್ ಇರುವ ನಾಲ್ಕು ಔಷಧಗಳ ಕೋರ್ಸ್

ಆಮ್ಲದ ಮಾತ್ರೆ ದಿನಕ್ಕೆ ಎರಡು ಸಲ, ಬಿಸ್ಮತ್ ಮತ್ತು ಟೆಟ್ರಾಸೈಕ್ಲಿನ್ ದಿನಕ್ಕೆ ನಾಲ್ಕು ಸಲ, ಮೆಟ್ರೊನಿಡಜೋಲ್ ಮೂರು ಅಥವಾ ನಾಲ್ಕು ಸಲ. ಓದಿದರೇ ಸುಸ್ತಾಗುತ್ತದೆ. ಆದರೂ ಅಮೆರಿಕದ ಜಠರ-ಕರುಳು ತಜ್ಞರ ಸಂಘ 2024ರ ಮಾರ್ಗಸೂಚಿಯಲ್ಲಿ ಮೊದಲ ಚಿಕಿತ್ಸೆಯಾಗಿ ಇದನ್ನೇ 14 ದಿನ ಕೊಡಲು ಹೇಳಿತು. ಟೆಟ್ರಾಸೈಕ್ಲಿನ್ ಮತ್ತು ಬಿಸ್ಮತ್‌ಗೆ ಪೈಲೋರಿ ಒಗ್ಗಿಕೊಳ್ಳುವುದು ಅಪರೂಪ. ಮೆಟ್ರೊನಿಡಜೋಲ್‌ಗೆ ಪ್ರತಿರೋಧ ಇದ್ದರೂ ಸಾಕಷ್ಟು ಡೋಸ್, ಸಾಕಷ್ಟು ದಿನ ಕೊಟ್ಟಾಗ ಅದು ಹೆಚ್ಚಾಗಿ ಗೆಲ್ಲುತ್ತದೆ. ಅಮಾಕ್ಸಿಸಿಲಿನ್ ಇಲ್ಲದಿರುವುದರಿಂದ ಪೆನಿಸಿಲಿನ್ ಅಲರ್ಜಿಯವರಿಗೂ ಹೊಂದುತ್ತದೆ.

ಎರಡನೇ ದಿನವೋ ಮೂರನೇ ದಿನವೋ ಮಲ ಕಪ್ಪಾಗುತ್ತದೆ, ನಾಲಿಗೆಯೂ ಕಪ್ಪಾಗಬಹುದು. ಬಿಸ್ಮತ್ ಬಾಯಿ ಮತ್ತು ಕರುಳಿನಲ್ಲಿರುವ ಗಂಧಕದ ಅಂಶದೊಂದಿಗೆ ಸೇರಿ ಕಪ್ಪು ಪದಾರ್ಥವಾಗುತ್ತದೆ, ಅಷ್ಟೇ. ಇದನ್ನು ಮೊದಲೇ ಹೇಳದಿದ್ದರೆ ಹೆದರಿ ಮಾತ್ರೆ ನಿಲ್ಲಿಸುವವರು ಬಹಳ. ಆದರೆ ಹುಣ್ಣಿನಿಂದ ರಕ್ತ ಸುರಿದರೂ ಮಲ ಕಪ್ಪಾಗುತ್ತದೆ, ಹಾಗಾಗಿ ವ್ಯತ್ಯಾಸ ಗೊತ್ತಿರಬೇಕು. ಬಿಸ್ಮತ್‌ನಿಂದ ಆಗುವುದು ಕಪ್ಪು ಬಣ್ಣ ಮಾತ್ರ, ಮಲದ ಗಟ್ಟಿತನ ಎಂದಿನಂತೆಯೇ ಇರುತ್ತದೆ. ರಕ್ತವಾದರೆ ಡಾಂಬರಿನಂತೆ ಅಂಟಂಟು, ಹೊಳಪು, ಸಹಿಸಲಾಗದ ದುರ್ನಾತ. ಜೊತೆಗೆ ತಲೆ ಸುತ್ತು, ಸುಸ್ತು, ಎದೆ ಹೊಡೆದುಕೊಳ್ಳುವುದು. ಎರಡನೆಯ ಬಗೆ ಕಂಡರೆ, ಗೊತ್ತಾಗದೆ ಅನುಮಾನ ಉಳಿದರೂ, ಆಸ್ಪತ್ರೆಗೆ ಹೋಗಿ.

ಬಿಸ್ಮತ್‌ನಲ್ಲಿ ಎರಡು ಬಗೆ ಇದೆ. ಸಬ್‌ಸ್ಯಾಲಿಸಿಲೇಟ್ ಎಂದು ಬರೆದಿದ್ದರೆ ಅದರಲ್ಲಿ ಆಸ್ಪಿರಿನ್‌ನ ಹತ್ತಿರದ ನೆಂಟ ಇದೆ. ಆಸ್ಪಿರಿನ್ ಅಲರ್ಜಿ ಇರುವವರು, ವಾರ್ಫರಿನ್ ನುಂಗುವವರು ಇದನ್ನು ವೈದ್ಯರಿಗೆ ಹೇಳಲೇಬೇಕು. ಸಬ್‌ಸಿಟ್ರೇಟ್‌ನಲ್ಲಿ ಆ ಅಂಶ ಇಲ್ಲ. ಮೂತ್ರಪಿಂಡ ತೀವ್ರವಾಗಿ ಕೆಟ್ಟಿರುವವರಿಗೆ ಬಿಸ್ಮತ್ ಯಾವ ರೂಪದಲ್ಲೂ ಬೇಡ.

ಟೆಟ್ರಾಸೈಕ್ಲಿನ್‌ನದು ಬೇರೆ ಕಥೆ. ಕ್ಯಾಲ್ಸಿಯಂ, ಕಬ್ಬಿಣ, ಸತು, ಮೆಗ್ನೀಸಿಯಂ, ಅಲ್ಯುಮಿನಿಯಂ ಇರುವ ಏನೇ ಸಿಕ್ಕರೂ ಅದು ಹಿಡಿದುಕೊಂಡು ಕೂರುತ್ತದೆ, ದೇಹಕ್ಕೆ ಸೇರುವುದಿಲ್ಲ. ಹಾಲು, ಮೊಸರು, ರಕ್ತಹೀನತೆಯ ಕಬ್ಬಿಣದ ಮಾತ್ರೆ, ಮೂಳೆಗೆ ಕ್ಯಾಲ್ಸಿಯಂ, ಮಲ್ಟಿವಿಟಮಿನ್, ಎದೆಯುರಿಗೆ ಕುಡಿಯುವ ಆ್ಯಂಟಾಸಿಡ್ ಎಲ್ಲವೂ ಈ ಪಟ್ಟಿಯಲ್ಲಿವೆ. ಎರಡು ಮೂರು ಗಂಟೆ ಅಂತರ ಇಡಿ ಎನ್ನುತ್ತಾರೆ. ಒಂದು ದಿನವನ್ನು ಬಿಡಿಸಿ ನೋಡಿ. ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ಆಮ್ಲದ ಮಾತ್ರೆ, ಎಂಟೂವರೆಗೆ ತಿಂಡಿಯಾದ ಮೇಲೆ ಮೂರು ಬಗೆಯ ಮಾತ್ರೆ, ಒಂದೂವರೆಗೆ ಊಟದ ನಂತರ ಮತ್ತೆ ಅವೇ, ಸಂಜೆ ಮತ್ತೊಂದು ಆಮ್ಲದ ಮಾತ್ರೆ, ರಾತ್ರಿ ಎಂಟಕ್ಕೆ ಊಟದ ಮೇಲೆ ಒಂದು ಸುತ್ತು, ಮಲಗುವ ಮುನ್ನ ಇನ್ನೊಂದು. ಕಬ್ಬಿಣದ ಮಾತ್ರೆಗೆ ಜಾಗವಿರುವುದು ಬೆಳಿಗ್ಗೆ ಹನ್ನೊಂದರ ಆಸುಪಾಸಿಗೆ ಅಥವಾ ಸಂಜೆ ನಾಲ್ಕೂವರೆಗೆ. ನಿತ್ಯ ಈ ಗಡಿಯಾರ ಕಾಯುವುದಕ್ಕಿಂತ ಎರಡು ವಾರ ಕಬ್ಬಿಣ, ಕ್ಯಾಲ್ಸಿಯಂ ನಿಲ್ಲಿಸಬಹುದೇ ಎಂದು ವೈದ್ಯರನ್ನು ಕೇಳುವುದೇ ಸುಲಭ. ಬಿಸ್ಮತ್ ಕೂಡ ಟೆಟ್ರಾಸೈಕ್ಲಿನ್ ಅನ್ನು ಸ್ವಲ್ಪ ಹಿಡಿದಿಡುತ್ತದೆ, ಆದರೂ ಈ ಕೋರ್ಸಿನಲ್ಲಿ ಎರಡನ್ನೂ ಒಟ್ಟಿಗೇ ನುಂಗಲು ಹೇಳುತ್ತಾರೆ. ಅದರ ಬಗ್ಗೆ ಚಿಂತೆ ಬೇಡ.

ಮಲಗುವ ಮುನ್ನದ ಡೋಸ್ ವಿಷಯದಲ್ಲಿ ಎಚ್ಚರ ಇರಲಿ. ಟೆಟ್ರಾಸೈಕ್ಲಿನ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಸುಟ್ಟು ಹುಣ್ಣು ಮಾಡುತ್ತದೆ. ಲೋಟ ತುಂಬ ನೀರು ಕುಡಿಯಿರಿ, ನುಂಗಿದ ಕೂಡಲೇ ಅಡ್ಡಾಗಬೇಡಿ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ, ಆ ಎರಡು ವಾರ ಮೈ ಮುಚ್ಚುವ ಬಟ್ಟೆ ತೊಡಿ. ಮೊಡವೆಗೆ ಐಸೊಟ್ರೆಟಿನೊಯಿನ್ ತೆಗೆದುಕೊಳ್ಳುತ್ತಿದ್ದರೆ ಟೆಟ್ರಾಸೈಕ್ಲಿನ್ ಕೂಡದು, ತಲೆಯೊಳಗಿನ ಒತ್ತಡ ಏರುವ ಅಪಾಯವಿದೆ. ಬಸುರಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡುವುದಿಲ್ಲ. ಟೆಟ್ರಾಸೈಕ್ಲಿನ್ ಸಿಗುತ್ತಿಲ್ಲ ಎಂದು ಡಾಕ್ಸಿಸೈಕ್ಲಿನ್ ಹಾಕುವುದೂ ಒಂದು ರೂಢಿ. ಪೈಲೋರಿಯ ಮೇಲೆ ಅದರ ಫಲಿತಾಂಶ ಅಷ್ಟು ಚೆನ್ನಾಗಿಲ್ಲ, ಬದಲಿ ಕೊಟ್ಟರೆ ಕಾರಣ ಕೇಳಿ.

ಮೆಟ್ರೊನಿಡಜೋಲ್ ಇಲ್ಲಿಯ ವಾಕರಿಕೆ, ಬಾಯಿ ಕಹಿಗೆ ಮುಖ್ಯ ಕಾರಣ. ಮೂತ್ರ ಸ್ವಲ್ಪ ಗಾಢವಾಗುವುದೂ ಇದರಿಂದಲೇ. ಮದ್ಯ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಬಹುದು ಎಂಬ ಎಚ್ಚರಿಕೆ ಇದರ ಮೇಲಿದೆ. ಕೋರ್ಸ್ ಮುಗಿದು ಮೂರು ದಿನ ಕಳೆಯುವವರೆಗೂ ಮದ್ಯ ಬೇಡ. ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ ಕೂಡ ಬೇಡ. ಕುಡಿತ ಬಿಡಿಸಲು ಡೈಸಲ್ಫಿರಾಮ್ ತೆಗೆದುಕೊಳ್ಳುವವರಿಗೆ ಇದು ಸೇರಿದರೆ ಮನಸ್ಸಿನ ಸ್ಥಿಮಿತ ತಪ್ಪಬಹುದು. ಮನೋರೋಗಕ್ಕೆ ಲಿಥಿಯಂ ನುಂಗುವವರಲ್ಲಿ ಅದರ ಮಟ್ಟ ಏರಬಹುದು. ವಾರ್ಫರಿನ್ ಜೊತೆಗಂತೂ ರಕ್ತಸ್ರಾವದ ಅಪಾಯ ಸ್ಪಷ್ಟವಾಗಿ ಹೆಚ್ಚುತ್ತದೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ಅಳೆಯುವ ಐಎನ್‌ಆರ್ ಪರೀಕ್ಷೆಯನ್ನು ಕೋರ್ಸಿನ ನಡುವೆಯೇ ಮಾಡಿಸಬೇಕು.

ಕಿರಿಕಿರಿಯಲ್ಲಿ ಈ ಕೋರ್ಸಿಗೇ ಮೊದಲ ಸ್ಥಾನ. ಆದರೆ ಕೊಲೆಸ್ಟರಾಲ್, ಬಿಪಿ, ಹೃದಯದ ಮಾತ್ರೆಗಳ ಜೊತೆ ಕ್ಲಾರಿಥ್ರೊಮೈಸಿನ್‌ಗಿಂತ ಬಹಳ ಸಾಧು. ಐದಾರು ಮಾತ್ರೆ ನುಂಗುವ ಹಿರಿಯರಿಗೆ, ವಾರ್ಫರಿನ್ ಇಲ್ಲದಿದ್ದರೆ ಮತ್ತು ಮೂತ್ರಪಿಂಡ ಸರಿಯಿದ್ದರೆ, ಇದೇ ಹೆಚ್ಚು ಸುರಕ್ಷಿತ ಎಂದು ನನಗನಿಸುತ್ತದೆ. ಮನೆಯಲ್ಲಿ ಯಾರಾದರೂ ಹೊತ್ತುಹೊತ್ತಿಗೆ ನೆನಪಿಸುವಂತಿದ್ದರೆ ಇನ್ನೂ ಒಳ್ಳೆಯದು.

ಮೇಲಿನ ಎರಡನ್ನೂ ಬೆರೆಸಿದಂಥ ಇನ್ನೊಂದು ಕೋರ್ಸಿದೆ. ಬಿಸ್ಮತ್ ಇಲ್ಲ, ಕ್ಲಾರಿಥ್ರೊಮೈಸಿನ್, ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್ ಮೂರನ್ನೂ ಒಟ್ಟಿಗೆ ಕೊಡುತ್ತಾರೆ. ಮೂರರ ಅಡ್ಡಪರಿಣಾಮವೂ ಒಟ್ಟಿಗೇ ಬರುತ್ತದೆ, ಕ್ಲಾರಿಥ್ರೊಮೈಸಿನ್‌ನ ನಿಷೇಧಗಳೆಲ್ಲ ಇಲ್ಲಿಗೂ ಅನ್ವಯ.

ಲಿವೊಫ್ಲಾಕ್ಸಾಸಿನ್ ಕೋರ್ಸ್

ದಿನಕ್ಕೆ ಒಂದೇ ಲಿವೊಫ್ಲಾಕ್ಸಾಸಿನ್ 500 ಮಿಲಿಗ್ರಾಂ, ಜೊತೆಗೆ ಅಮಾಕ್ಸಿಸಿಲಿನ್ ಮತ್ತು ಆಮ್ಲದ ಮಾತ್ರೆ. ಮೊದಲ ಕೋರ್ಸ್ ಸೋತಾಗ ಕೊಡುವುದು ಹೆಚ್ಚು. ನುಂಗಲು ಹಗುರ, ಹೊಟ್ಟೆಗೂ ಹಗುರ. ತೊಂದರೆ ಅಪರೂಪ, ಆದರೆ ಬಂದರೆ ಗಂಭೀರ. ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಊದಿಕೊಳ್ಳುವುದು, ಹರಿದೇ ಹೋಗುವುದು ಇದರ ಕುಖ್ಯಾತ ಅಡ್ಡಪರಿಣಾಮ. 60 ದಾಟಿದವರಲ್ಲಿ, ಪ್ರೆಡ್ನಿಸೊಲೋನ್‌ನಂಥ ಸ್ಟೆರಾಯ್ಡ್ ನುಂಗುವವರಲ್ಲಿ ಇದು ಹೆಚ್ಚು. ಹಿಮ್ಮಡಿ ನೋವು ಶುರುವಾದ ದಿನವೇ ಮಾತ್ರೆ ನಿಲ್ಲಿಸಿ ವೈದ್ಯರಿಗೆ ಹೇಳಬೇಕು. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಮೇಲಕ್ಕೂ ಹೋಗಬಹುದು, ಕೆಳಕ್ಕೂ ಇಳಿಯಬಹುದು. ಮಹಾಧಮನಿ ಉಬ್ಬಿರುವವರು ಬೇರೆ ದಾರಿ ಇದ್ದರೆ ಇದನ್ನು ತೆಗೆದುಕೊಳ್ಳಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಕೊನೆಯಲ್ಲಿ ಎಚ್ಚರಿಸಿತು. ಸ್ನಾಯುಗಳು ಬಲಗುಂದುವ ಮಯಸ್ತೇನಿಯಾ ಗ್ರಾವಿಸ್ ಕಾಯಿಲೆ ಇರುವವರಿಗೆ, ಕ್ಯೂಟಿ ಹಿಗ್ಗಿರುವವರಿಗೆ ಬೇಡ. ನೋವಿನ ಮಾತ್ರೆಗಳ ಜೊತೆ ಸೇರಿದರೆ ಫಿಟ್ಸ್ ಬರುವ ಸಾಧ್ಯತೆ ತುಸು ಏರುತ್ತದೆ. ಕಬ್ಬಿಣ, ಸತು, ಆ್ಯಂಟಾಸಿಡ್‌ನಿಂದ ಕನಿಷ್ಠ ಎರಡು ಗಂಟೆ ದೂರ ಇಡಿ. ಮೂತ್ರದ ಸೋಂಕಿಗೆ ಹಿಂದೆ ಸಿಪ್ರೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ತೆಗೆದುಕೊಂಡಿದ್ದರೆ ಈ ಕೋರ್ಸಿನ ಮೇಲೆ ಹೆಚ್ಚು ಭರವಸೆ ಇಡಲಾಗದು.

ರಿಫಾಬ್ಯುಟಿನ್, ವೊನೊಪ್ರಜಾನ್

ರಿಫಾಬ್ಯುಟಿನ್‌ಗೆ ಒಗ್ಗಿದ ಪೈಲೋರಿ ಬಲು ವಿರಳ, ಹಾಗಾಗಿ ಎಲ್ಲ ಸೋತಾಗ ಇದರ ನೆನಪಾಗುತ್ತದೆ. ಮೂತ್ರ, ಬೆವರು, ಕಣ್ಣೀರು ಕಿತ್ತಳೆ-ಕೆಂಪಾಗುತ್ತದೆ, ಕಾಂಟ್ಯಾಕ್ಟ್ ಲೆನ್ಸ್‌ಗೆ ಹತ್ತಿದ ಬಣ್ಣ ಹೋಗದಿರಬಹುದು. ಬಿಳಿ ರಕ್ತಕಣ ಇಳಿಯಬಹುದು, ಕಣ್ಣು ಕೆಂಪಾಗಿ ನೋವು ಬಂದರೆ ತಡಮಾಡದೆ ತೋರಿಸಬೇಕು. ಕ್ಲಾರಿಥ್ರೊಮೈಸಿನ್ ಕಿಣ್ವವನ್ನು ಕಟ್ಟಿಹಾಕಿದರೆ ಇದು ಅದನ್ನು ಕೆರಳಿಸುತ್ತದೆ, ಬೇರೆ ಔಷಧಗಳ ಮಟ್ಟ ಇಳಿಯುತ್ತದೆ. ಗರ್ಭನಿರೋಧಕ ಮಾತ್ರೆ ನುಂಗುವವರು ಇದನ್ನು ಮರೆಯಬಾರದು, ಕಾಂಡೋಮ್‌ನಂಥ ಇನ್ನೊಂದು ರಕ್ಷಣೆ ಬೇಕೇಬೇಕು. ಕ್ಷಯ ರೋಗ ಇದೆಯೇ ಎಂಬ ಅನುಮಾನವಿದ್ದರೆ ಅದನ್ನು ಬಗೆಹರಿಸಿಕೊಂಡೇ ಈ ಔಷಧ ಶುರು ಮಾಡಬೇಕು.

ವೊನೊಪ್ರಜಾನ್ ಆಮ್ಲವನ್ನು ಬೇರೆ ಮಾತ್ರೆಗಳಿಗಿಂತ ಬಲವಾಗಿ ತಡೆಯುವ ಹೊಸ ಔಷಧ. ಅದರ ಜೊತೆ ಅಮಾಕ್ಸಿಸಿಲಿನ್ 1 ಗ್ರಾಂ ದಿನಕ್ಕೆ ಮೂರು ಸಲ, ಅಷ್ಟೇ. ಒಂದೇ ಆ್ಯಂಟಿಬಯಾಟಿಕ್ ಇರುವುದರಿಂದ ಕಾಟವೂ ಕಡಿಮೆ. ಎಲ್ಲ ಕಡೆ ಸಿಗುವುದಿಲ್ಲ. ಸಿಕ್ಕರೆ, ಪೆನಿಸಿಲಿನ್ ಅಲರ್ಜಿ ಇಲ್ಲದ, ಹಲವು ಮಾತ್ರೆಗಳ ಮೇಲಿರುವವರು ಇದರ ಬಗ್ಗೆ ಕೇಳುವುದು ಒಳ್ಳೆಯದು.

ಎಲ್ಲ ಕೋರ್ಸಿಗೂ ತಾಗುವ ಕೆಲವು ಮಾತು

ಆಮ್ಲದ ಮಾತ್ರೆಯೂ ನಿರುಪದ್ರವಿ ಅಲ್ಲ. ಹೃದಯಕ್ಕೆ ಕ್ಲೊಪಿಡೊಗ್ರೆಲ್ ನುಂಗುವವರಲ್ಲಿ ಒಮೆಪ್ರಜೋಲ್, ಎಸೊಮೆಪ್ರಜೋಲ್ ಅದರ ಬಲ ಕುಗ್ಗಿಸುತ್ತವೆ, ಪ್ಯಾಂಟೊಪ್ರಜೋಲ್ ಅಷ್ಟು ಕುಗ್ಗಿಸುವುದಿಲ್ಲ. ಎಚ್ಐವಿಗೆ ಅಟಜನಾವಿರ್, ರಿಲ್ಪಿವಿರಿನ್ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು, ಆಮ್ಲ ಕಡಿಮೆಯಾದರೆ ಅವು ದೇಹಕ್ಕೆ ಸೇರುವುದಿಲ್ಲ. ಅಮಾಕ್ಸಿಸಿಲಿನ್ ಸಾಮಾನ್ಯವಾಗಿ ಸಾಧು, ಆದರೆ ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್‌ನ ಮಟ್ಟ ಏರಿಸಬಲ್ಲದು.

ಪೆನಿಸಿಲಿನ್ ಅಲರ್ಜಿ ಇದೆ ಎಂದು ಚಿಕ್ಕಂದಿನಲ್ಲಿ ಯಾರೋ ಹೇಳಿದ್ದನ್ನು ಹಿಡಿದುಕೊಂಡಿರುವವರು ಬಹಳ. ಅಂಥವರನ್ನು ಪರೀಕ್ಷಿಸಿದಾಗ ಹತ್ತರಲ್ಲಿ ಒಂಬತ್ತು ಮಂದಿಗೆ ಅಲರ್ಜಿ ಇರುವುದಿಲ್ಲ. ಒಮ್ಮೆ ತಜ್ಞರಲ್ಲಿ ಪರೀಕ್ಷಿಸಿಕೊಂಡರೆ ಆಯ್ಕೆಗಳು ಹೆಚ್ಚುತ್ತವೆ. ಮನೆಯಲ್ಲಿ ನುಂಗಿ ನೋಡುವ ಸಾಹಸ ಮಾತ್ರ ಬೇಡ. ಬಸುರಿಯರಿಗೆ ಹೆಚ್ಚಾಗಿ ಹೆರಿಗೆಯ ನಂತರಕ್ಕೆ ಚಿಕಿತ್ಸೆಯನ್ನು ಮುಂದೂಡುತ್ತಾರೆ.

ಕಹಿ, ಲಘು ವಾಕರಿಕೆ, ದಿನಕ್ಕೆ ಎರಡು ಮೂರು ಸಲ ತೆಳು ಬೇಧಿ ಇವನ್ನು ಸಹಿಸಿಕೊಂಡು ಕೋರ್ಸ್ ಮುಗಿಸಿ. ನಡುವೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಆ ಔಷಧಕ್ಕೆ ಒಗ್ಗುತ್ತದೆ, ಮುಂದಿನ ಕೋರ್ಸ್ ಇದಕ್ಕಿಂತ ಕಷ್ಟದ್ದಾಗುತ್ತದೆ. ಆದರೆ ಮೈಯೆಲ್ಲ ದದ್ದು, ತುಟಿ ಅಥವಾ ಮುಖ ಊದುವುದು, ಉಸಿರು ಕಟ್ಟುವುದು, ಕಣ್ಣು ಹಳದಿಯಾಗುವುದು, ಎದೆಬಡಿತ ತಪ್ಪಿ ತಲೆ ತಿರುಗಿ ಬೀಳುವುದು, ಕೈಕಾಲು ಜೋಮು ಹಿಡಿಯುವುದು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಡೋಸ್ ನುಂಗಬೇಡಿ, ಕೂಡಲೇ ವೈದ್ಯರನ್ನು ಕಾಣಿ. ನೀರು ನೀರಾದ ಬೇಧಿ ಪದೇ ಪದೇ ಆಗುತ್ತಿದ್ದರೆ, ಜ್ವರ, ಹೊಟ್ಟೆ ಹಿಂಡುವ ನೋವು, ಮಲದಲ್ಲಿ ರಕ್ತ ಇದ್ದರೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಇನ್ನೊಂದು ಸೋಂಕಿನ ಅನುಮಾನ ಬರಬೇಕು. ಕೋರ್ಸ್ ಮುಗಿದು ಕೆಲವು ವಾರಗಳ ಮೇಲೂ ಇದು ಬರಬಹುದು. ಬೇಧಿ ನಿಲ್ಲಿಸುವ ಲೊಪೆರಮೈಡ್ ಮಾತ್ರೆಯನ್ನು ಆಗ ನೀವಾಗಿಯೇ ನುಂಗಬೇಡಿ.

ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರದ ನಂತರ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಎರಡು ವಾರ ಮುಂಚೆಯೇ ಆಮ್ಲದ ಮಾತ್ರೆ ನಿಲ್ಲಿಸಿರಬೇಕು, ಇಲ್ಲದಿದ್ದರೆ ಸೋಂಕು ಇದ್ದರೂ ಇಲ್ಲ ಎಂದು ತೋರಿಸಬಹುದು. ರಕ್ತದ ಆ್ಯಂಟಿಬಾಡಿ ಪರೀಕ್ಷೆ ಇದಕ್ಕೆ ಪ್ರಯೋಜನವಿಲ್ಲ, ಸೋಂಕು ಹೋದ ಮೇಲೂ ಅದು ಬಹಳ ಕಾಲ ಪಾಸಿಟಿವ್ ಎಂದೇ ಬರುತ್ತದೆ. ಸೋಂಕು ಉಳಿದಿದ್ದರೆ ಕ್ಲಾರಿಥ್ರೊಮೈಸಿನ್, ಲಿವೊಫ್ಲಾಕ್ಸಾಸಿನ್ ಎರಡನೇ ಸಲ ಕೊಡುವುದಿಲ್ಲ. ಅಮಾಕ್ಸಿಸಿಲಿನ್, ಟೆಟ್ರಾಸೈಕ್ಲಿನ್, ಬಿಸ್ಮತ್ ಮತ್ತೆ ಕೊಡಬಹುದು. ಆ ಹೊತ್ತಿಗೆ ವೈದ್ಯರು ಬೇರೆಯಾಗಿರಬಹುದು, ಆದ್ದರಿಂದ ಮೊದಲ ಚೀಟಿಯನ್ನು ಎಸೆಯದೆ, ಎಷ್ಟು ದಿನ ನುಂಗಿದಿರಿ, ಯಾವ ಮಾತ್ರೆ ತಡೆಯಲಾಗಲಿಲ್ಲ ಎಂಬುದನ್ನು ಅದರ ಹಿಂದೆಯೇ ಬರೆದಿಟ್ಟುಕೊಂಡು ತೋರಿಸಿ.